ಬ್ರೌಸರ್ ಅಳೆಯುವ ಮಾವ

ವೆಬ್‌ಸೈಟನ್ನು ಇಂಚುಟೇಪು ಹಿಡಿದು ಅಳೆಯುವ ಮನುಷ್ಯ ಇಡೀ ಜಗತ್ತಿನಲ್ಲಿ ಒಬ್ಬರೇ ಇದ್ದಾರೆ, ಅವರು ನನ್ನ ಸೋದರಮಾವ! ನಂಬಿಕೆ ಇಲ್ಲದಿದ್ದರೆ ಅವರ ಊರಾದ ಅನ್ನೂರಿಗೆ ಹೋಗಿ ವಿಚಾರಿಸಿ.

ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಜೀವನವೆಲ್ಲ ಮಗ್ಗದ ಮುಂದೆ ಕೂತ ಮಾವನಿಗೆ ತಮ್ಮ ಸೀರೆಗಳಿಗೂ ಒಂದು ಸೈಟ್ ಬೇಕೆನಿಸಿತು. ಕಾರಣ ವ್ಯಾಪಾರವಲ್ಲ, ಪೊಳ್ಳಾಚಿಯಲ್ಲಿರುವ ಅವರ ಅಕ್ಕ, ಅಂದರೆ ನನ್ನ ದೊಡ್ಡಮ್ಮ. ಕೈನಡುಕ ಬಂದು ನೇಯ್ಗೆ ಬಿಡುವ ಮುನ್ನ ದೊಡ್ಡಮ್ಮ ಕೊನೆಯದಾಗಿ ನೇಯ್ದ ಅರಿಶಿನ ಬಣ್ಣದ ಸೀರೆ ಮೊದಲ ಪುಟದಲ್ಲಿರಬೇಕು, ಅದನ್ನು ಅವರು ತಮ್ಮ ಫೋನಿನಲ್ಲಿ ಕಣ್ತುಂಬ ನೋಡಬೇಕು. ಇಷ್ಟೇ ತಾನೆ ಎಂದು ಒಪ್ಪಿಕೊಂಡೆ ನೋಡಿ, ಅಲ್ಲೇ ಕೆಟ್ಟೆ!

ಪುಟ ಸಿದ್ಧವಾಯಿತು. ಮಾವ ಜೇಬಿನಿಂದ ಟೇಪು ತೆಗೆದು ಕಂಪ್ಯೂಟರ್ ಪರದೆಗೆ ಹಿಡಿದರು. ಇನ್ನೊಂದು ಬ್ರೌಸರ್ ತೆರೆಸಿ ಅಲ್ಲಿಗೂ ಹಿಡಿದರು.

"ಇಲ್ಲಿ ಅಂಚು ಒಂದಿಂಚು, ಅಲ್ಲಿ ಮುಕ್ಕಾಲಿಂಚು. ಸೀರೆ ಒಂದೇ ತಾನೆ ಪಾಪಾ?" ಮಾವನ ಬಾಯಲ್ಲಿ ನಾನಿನ್ನೂ ಪಾಪಾ, ಅಂದರೆ ಪುಟ್ಟ ಹುಡುಗಿ.

"ಒಂದೊಂದು ಬ್ರೌಸರ್ ಒಂದೊಂದು ತರ ತೋರಿಸ್ತದೆ ಮಾವಾ."

"ಅದಕ್ಕೆ ನಿಯಮ ಅಂತ ಇಲ್ಲವಾ?"

"ಐತೆ. ಬ್ರೌಸರ್ ಮಾಡೋರೆಲ್ಲಾ ಸೇರಿ ಬರೆದಿಟ್ಟವ್ರೆ."

"ಆಮೇಲೆ?"

"ಆಮೇಲೆ ಅವರವರಿಗೆ ತೋಚಿದಂಗೆ ಮಾಡ್ತಾರೆ."

"ನಾನು ಹಂಗೆ ನೇಯ್ದ್ರೆ ಸೀರೆ ವಾಪಸ್ ಬರ್ತದೆ. ಬ್ರೌಸರ್‌ನ ಯಾರಿಗೆ ವಾಪಸ್ ಕೊಡೋದು?"

ನಾನು ಕೂತು ಎರಡೂ ಕಡೆ ಅಂಚನ್ನು ಒಂದಿಂಚಿಗೆ ತಂದು ಕೊಟ್ಟೆ.

ಅಲ್ಲಿಂದ ಮಾವ ಕಂಡವರ ಫೋನುಗಳನ್ನೆಲ್ಲ ಅಳೆಯತೊಡಗಿದರು. ಮೆಟ್ಟುಪಾಳ್ಯದಲ್ಲಿ ನಮ್ಮ ನೆಂಟರ ಹುಡುಗಿಯೊಬ್ಬಳ ನಿಶ್ಚಿತಾರ್ಥದ ದಿನ ಬಂದವರ ಫೋನುಗಳನ್ನು ಜಮಖಾನದ ಮೇಲೆ ಸಾಲಾಗಿ ಇಡಿಸಿದರು. ಹುಡುಗನ ತಂದೆ ಇದು ಹೆಣ್ಣಿನ ಕಡೆಯ ಶಾಸ್ತ್ರವೆಂದು ತಿಳಿದು ತಮ್ಮ ಫೋನಿಗೆ ಕುಂಕುಮ ಹಚ್ಚಿ ತಂದಿಟ್ಟರು!

ನಾನು ತಿದ್ದುತ್ತಾ ಹೋದಂತೆ ಎಲ್ಲ ಫೋನೂ ಒಂದು ದಾರಿಗೆ ಬಂದವು, ದೊಡ್ಡಮ್ಮನ ಹಳೆಯ ಫೋನೊಂದನ್ನು ಬಿಟ್ಟು. ಪೊಳ್ಳಾಚಿಗೆ ಹೋಗಿ ನೋಡಿಬಂದ ಮಾವ ಹೇಳಿದ ಪ್ರಕಾರ ಅಲ್ಲಿ ಅಂಚು ಮೇಲೆ ಹಾರಿತ್ತು, ಸೆರಗು ಪುಟದಿಂದ ಆಚೆ ಬಿದ್ದಿತ್ತು.

"ಹೊಸ ಫೋನ್ ಕೊಡಿಸಿ ಮಾವಾ."

"ಕೊಡಿಸ್ದೆ. ಬೀರುವಿನಲ್ಲಿ ಐತೆ."

"ಆ ಬ್ರೌಸರ್‌ನ ಮಾಡಿದವರೇ ಕೈಬಿಟ್ಟವ್ರೆ!"

"ನಮ್ಮ ಅಕ್ಕ ಬಿಟ್ಟಿಲ್ಲೆ."

ಅಂಥದ್ದೇ ಹಳೆಯ ಫೋನೊಂದನ್ನು ಹುಡುಕಿ ತಂದು ಕೂತೆ. ಅದೊಂದನ್ನು ಸರಿಮಾಡಿದರೆ ಉಳಿದ ಫೋನುಗಳಲ್ಲಿ ಕೆಡುತ್ತಿತ್ತು, ಅವನ್ನು ಸರಿಮಾಡಿದರೆ ಇದು ಕೆಡುತ್ತಿತ್ತು. ಯಾವುದು ಏಕೆ ಸರಿಹೋಗುತ್ತಿದೆ ಎಂಬುದೂ ತಿಳಿಯದೆ ಮೂರು ವಾರ ಹೆಣಗಿದೆ. ಕೊನೆಗೊಂದು ದಿನ, ಹೇಗೋ ಏನೋ, ಎಲ್ಲದರಲ್ಲೂ ನೆಟ್ಟಗೆ ನಿಂತಿತು.

ಇಬ್ಬರೂ ಬಸ್ಸು ಹತ್ತಿ ಪೊಳ್ಳಾಚಿಗೆ ಹೋದೆವು. ದೊಡ್ಡಮ್ಮ ಪುಟ ತೆರೆದು, ಚಿತ್ರ ದೊಡ್ಡದು ಮಾಡಿ, ಅಂಚಿನ ಉದ್ದಕ್ಕೂ ಬೆರಳು ಸರಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿ ತಮ್ಮನನ್ನು ಕರೆದರು.

"ಇಲ್ಲಿ ಎಳೆ ತಪ್ಪೈತೆ ತಂಬಿ. ಕೈ ನಡುಗಿರಬೇಕು."

ಸೀರೆಯಲ್ಲೇ ಎಳೆ ತಪ್ಪಿತ್ತು, ನಿಜ. ಫೋಟೋ ತೆಗೆದ ದಿನವೇ ನಾನು ಗಮನಿಸಿದ್ದೆ. ಕಾಲಿಂಚು ವ್ಯತ್ಯಾಸಕ್ಕೆ ನನ್ನ ಜೀವ ಹಿಂಡಿದ ಮಾವನ ಕಣ್ಣಿಗೆ ಬೀಳದೇ ಇದ್ದೀತೇ? ಅವರು ಬಗ್ಗಿ ಪರದೆ ನೋಡಿದರು.

"ಅದು ಬ್ರೌಸರ್ ತಪ್ಪು ಅಕ್ಕಾ. ಸೀರೆಯಲ್ಲಿ ಅಂತಾದ್ದು ಏನೂ ಇಲ್ಲೆ. ಬೇಕಾದ್ರೆ ಇವಳ್ನ ಕೇಳು."

ದೊಡ್ಡಮ್ಮ ನನ್ನನ್ನು ನೋಡಿದರು.

"ಹೌದು ದೊಡ್ಡಮ್ಮಾ. ಹಳೇ ಬ್ರೌಸರ್ ಅಲ್ಲವಾ, ಒಂದೆರಡು ಎಳೆ ನುಂಗಿಬಿಡ್ತದೆ."

"ಹಂಗಾ?" ಎಂದರು ದೊಡ್ಡಮ್ಮ. ಫೋನನ್ನು ಮಡಿಲಲ್ಲಿಟ್ಟುಕೊಂಡು ನಕ್ಕರು. "ಹಂಗಾದ್ರೆ ನಾನು ಸರಿಯಾಗೇ ನೇಯ್ದಿದೀನಿ."