ಸಪ್ಪಳವಿಲ್ಲದ ಪಂಪು

ಯಾರೂ ಕಲಿಸದೆ ತಾನಾಗಿಯೇ ವಿದ್ಯೆ ಕಲಿತವನಿಗೆ ಒಂದು ಕಾಯಿಲೆ ಇರುತ್ತದೆ. ಅವನಿಗೆ ಸುಮ್ಮನಿರಲು ಬರುವುದಿಲ್ಲ. ಗ್ಯಾರೇಜಿನಲ್ಲಿ ಉಸ್ತಾದನ ಕೈಕೆಳಗೆ ಕಲಿತವನು ಏಟು ತಿಂದು ಕಲಿತಿರುತ್ತಾನೆ, ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಾನೆ. ನಾನು ಮೊಬೈಲ್ ನೋಡಿ ಕಲಿತವನು. ಮೊಬೈಲು ಹೊಡೆಯುವುದಿಲ್ಲ. ಹೀಗಾಗಿ ಸ್ಪ್ಯಾನರು ಹಿಡಿಯುವ ಮೊದಲೇ ನನ್ನ ವಿವರಣೆ ಶುರುವಾಗಿರುತ್ತದೆ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಬಸ್ಸಿನಲ್ಲಿ ಪಕ್ಕದವರು ಬೇಸರವಾಗಿ ಕಿಟಕಿ ಕಡೆ ತಿರುಗಿಕೊಂಡರೆ ಅವರ ಬೆನ್ನಿಗೆ ಹೇಳುತ್ತೇನೆ. ಈ ಕಾಯಿಲೆಯ ದೆಸೆಯಿಂದ ಒಮ್ಮೆ ನಮ್ಮ ಮುತ್ಯಾನ, ಅಂದರೆ ನಮ್ಮ ಅಜ್ಜನ, ಹರೆಯದ ಕಾಲದ ಗೆಳೆತನವೇ ಹರಿದುಹೋಗುವುದರಲ್ಲಿತ್ತು.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. ಕೆಂಭಾವಿ ಕಡೆಯ ನಮ್ಮೂರಲ್ಲಿ ಅದನ್ನು ಆಮಿ ಎಂದೇ ಕರೆಯುತ್ತಾರೆ. ಜರ್ಮನಿಯ ಹಳೆಯ ಕಾರು, ಆಮೆಯ ಹಾಗೆ ದುಂಡು ಬೆನ್ನು. ಎಂಜಿನ್ನು ಹಿಂದೆ, ಸಾಮಾನು ಇಡುವ ಡಿಕ್ಕಿ ಮುಂದೆ. ಎಂಜಿನ್ನನ್ನು ತಣ್ಣಗಿಡುವುದು ಬರೀ ಗಾಳಿ, ಆದ್ದರಿಂದ ರೇಡಿಯೇಟರೂ ಇಲ್ಲ, ಅದಕ್ಕೆ ನೀರು ಹಾಕುವ ರಗಳೆಯೂ ಇಲ್ಲ. ಕಾಲುವೆ ತೋಡುವ ಕಾಲದಲ್ಲಿ ಸರ್ವೆಗೆ ಬಂದಿದ್ದ ಒಬ್ಬ ಎಂಜಿನಿಯರ್ ಸಾಹೇಬರದು. ನಮ್ಮ ಮುತ್ಯಾ ಶರಣಪ್ಪ ಅವರ ಡ್ರೈವರ್. ಕೊಂಕಲ್‌ನ ಮೌಲಾಸಾಬ ಅಳತೆಯ ಕೋಲು ಹಿಡಿದು ಬಿಸಿಲಲ್ಲಿ ನಿಲ್ಲುವವನು. ಸಾಹೇಬರಿಗೆ ವರ್ಗವಾದಾಗ ಕಾರನ್ನು ಮುತ್ಯಾನಿಗೆ ಬಿಟ್ಟುಹೋದರು.

ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ಇವರಿಬ್ಬರೂ ಅದೇ ಕಾರಿನಲ್ಲಿ ಏರಿಯ ಮೇಲೆ ನೀರಿನ ಜೊತೆಜೊತೆಗೇ ಹೋದರಂತೆ. ಒಣಗಿದ ಕಾಲುವೆಯಲ್ಲಿ ನೀರು ಕಸಕಡ್ಡಿ, ಧೂಳು, ಚೇಳುಗಳನ್ನು ಮುಂದೆ ತಳ್ಳಿಕೊಂಡು ತೆವಳುತ್ತ ಬರುವುದು, ಇವರು ಸ್ವಲ್ಪ ಮುಂದೆ ಹೋಗಿ ಗಾಡಿ ನಿಲ್ಲಿಸಿ ಕಾಯುವುದು, ನೀರು ಕಂಡ ಕೂಡಲೇ ಸಿಕ್ಕ ಊರಿನವರಿಗೆಲ್ಲ "ಬಂತು, ಬಂತು!" ಎಂದು ಕೂಗುವುದು. ನಡುವೆ ಎಲ್ಲೋ ನೀರೇ ಗೆದ್ದಿತಂತೆ. ಪೆಟ್ರೋಲು ಮುಗಿಯಿತು ಎಂದು ಮುತ್ಯಾ ಹೇಳುತ್ತಾನೆ. ಶರಣ್ಯಾ ಸ್ಟೇರಿಂಗ್ ಮೇಲೆ ತಲೆಯಿಟ್ಟು ಗೊರಕೆ ಹೊಡೆದ ಎಂದು ಮೌಲಾಸಾಬ, ನನಗೆ ಮೌಲಾ ಮುತ್ಯಾ, ಹೇಳುತ್ತಾನೆ. ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಎಷ್ಟು ಸಲ ಕೇಳಿದ್ದೇನೆಂದರೆ, ಹಿಂದಿನ ಸೀಟಿನಲ್ಲಿ ನಾನೂ ಕೂತಿದ್ದೆ ಎಂದೇ ಈಗ ಅನ್ನಿಸುತ್ತದೆ. "ನೀರ್ ಬ್ಯಾಡಾದ ಗಾಡ್ಯಾಗ ಕುಂತು ಊರಿಗೆಲ್ಲ ನೀರ್ ತಂದೇವು ನಾವು" ಎನ್ನುವುದು ಮುತ್ಯಾನ ಕೊನೆಯ ಸಾಲು. ಅದು ಬಂದರೆ ಕಥೆ ಮುಗಿಯಿತು, ಎದ್ದು ಊಟಕ್ಕೆ ಹೋಗಬಹುದು.

ಮೌಲಾ ಮುತ್ಯಾ ತನ್ನ ಮಗಳನ್ನು ಗಂಡನ ಮನೆಗೆ ಕಳಿಸಿದ್ದು ಈ ಕಾರಿನಲ್ಲೇ. ಈಗ ಮೊಮ್ಮಗಳು ರೇಷ್ಮಾಳ ಮದುವೆ ಬಂದಿತ್ತು. "ಬೇಟಿ ಹೋದ ಗಾಡ್ಯಾಗ ಅಕಿ ಬೇಟೀನೂ ಹೋಗ್ಬೇಕು" ಎಂದು ಆತ ಹೇಳಿ ಕಳಿಸಿದ. ಮುತ್ಯಾ ಆ ದಿನವೇ ಸೀಟಿನ ಮೇಲಿನ ಗೋಣಿಚೀಲ ತೆಗೆಸಿ, ತಾನೇ ಬಟ್ಟೆ ಹಿಡಿದು ಒರೆಸಿದ. ಕಾರು ಮಾತ್ರ ಗೊರ್ ಗೊರ್ ಎಂದು ಸುಮ್ಮನಾಯಿತು. ನಾನು ಎರಡು ವಿಡಿಯೋ ನೋಡಿ ರೋಗ ಕಂಡುಹಿಡಿದೆ. ಮುಂದಿನ ಟಾಕಿಯಿಂದ ಹಿಂದಿನ ಎಂಜಿನ್ನಿಗೆ ಪೆಟ್ರೋಲು ಎಳೆದುಕೊಳ್ಳುವ ಪುಟ್ಟ ಪಂಪು ಇರುತ್ತದಲ್ಲ, ಅದರ ಒಳಗಿನ ರಬ್ಬರ್ ಪೊರೆ ಹರಿದಿತ್ತು. ಪಂಪು ಬದಲಿಸಬೇಕು.

ಇಲ್ಲಿ ಒಂದು ಮಾತು. ನಮ್ಮ ಕಡೆ ಪಂಪ್ ಎಂಬುದು ಗಟ್ಟಿಯಾಗಿ ಆಡುವ ಶಬ್ದವಲ್ಲ. ಕಾಲುವೆಯ ಮೇಲ್ಗಡೆ ಇರುವವರು ಕದ್ದು ಪಂಪ್ ಹಚ್ಚಿ ನೀರೆತ್ತಿದರೆ ಕೊನೆಯ ಕಡೆಯವರ ಹೊಲಕ್ಕೆ ನೀರು ಮುಟ್ಟುವುದಿಲ್ಲ. ನಮ್ಮದು ಮೇಲಿನ ಊರು, ಕೊಂಕಲ್ ಕೊನೆಯ ಕಡೆ. ಇದೆಲ್ಲ ಗೊತ್ತಿದ್ದೂ ನಾನು ಶಹಾಪುರಕ್ಕೆ ಹೋಗಿ, ಮೋಟಾರು ಸಾಮಾನಿನ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಪಂಪ್ ಬೇಕು ಎಂದೆ.

"ಎಷ್ಟ್ ಎಚ್‌ಪಿದು?" ಎಂದರು ಮಾಲೀಕರು.

ಅಷ್ಟಕ್ಕೇ ಅದು ಕಾರಿನದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಕಾಯಿಲೆ ಎದ್ದು ಕುಳಿತಿತು. "ಎಚ್‌ಪಿ ಗಿಚ್‌ಪಿ ಏನಿಲ್ರಿ. ಇದು ಬ್ಯಾರೆ ಥರದ ಪಂಪ್. ಕರೆಂಟ್ ಬೇಕಾಗಂಗಿಲ್ಲ."

"ಕರೆಂಟ್ ಬ್ಯಾಡ? ಮತ್ತ ಡೀಸೆಲ್?"

"ಡೀಸೆಲ್ಲೂ ಬ್ಯಾಡ್ರಿ. ಒಂದ್ ಕಡ್ಡಿ ಇರ್ತದ, ಅದು ಮ್ಯಾಲ ಕೆಳಗ ಆಡ್ತದ, ತಾನಾ ಎಳೀತದ."

"ಸಪ್ಪಳ?"

"ಸಪ್ಪಳ ಬರಂಗೇ ಇಲ್ರಿ. ಕಿಸೇದಾಗ ಹಿಡೀತದ."

ಅಂಗಡಿಯಲ್ಲಿದ್ದವರೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದರು. ನನ್ನ ಜ್ಞಾನಕ್ಕೆ ಬೆರಗಾಗಿದ್ದಾರೆ ಎಂದುಕೊಂಡು, ಅದು ಅಲ್ಲಿ ಸಿಗದಿದ್ದರೂ ಎದೆಯುಬ್ಬಿಸಿ ಹೊರಬಂದೆ. ಕಡೆಗೆ ಮೊಬೈಲಿನಲ್ಲಿಯೇ ತರಿಸಿದೆ. ಪಾರ್ಸೆಲ್ಲು ಬರುವಷ್ಟರಲ್ಲಿ ನನ್ನ ಮಾತು ಕಾಲುವೆಯ ನೀರಿಗಿಂತ ಬೇಗ ಕೊನೆಯ ಹೊಲದವರೆಗೂ ಹರಿದು ಹೋಗಿತ್ತು: ಶರಣಪ್ಪನ ಮೊಮ್ಮಗ ಕರೆಂಟು ಬೇಡದ, ಸಪ್ಪಳವಿಲ್ಲದ ಪಂಪ್ ತರಿಸುತ್ತಿದ್ದಾನೆ. ನಮ್ಮೂರಿನ ಇಬ್ಬರು ಬಂದು ಹೊಸ್ತಿಲಲ್ಲೇ ನಿಂತು, "ನಿಮ್ದಾದ ಮ್ಯಾಲ ನಮಗೂ ಎರಡ್ ದಿನ ಕೊಡ್ರಿ" ಎಂದು ಪಿಸುಗುಟ್ಟಿ ಹೋದರು. ಕೊಂಕಲ್‌ನಿಂದ ಬಂದ ಫೋನು ಪಿಸುಗುಟ್ಟಲಿಲ್ಲ. "ನೀರ್ ಕದಿಯೋರ ಮನಿ ಗಾಡ್ಯಾಗ ನನ್ ಮೊಮ್ಮಗಳು ಕುಂದ್ರಂಗಿಲ್ಲ. ಹೇಳು ನಿಮ್ ಮುತ್ಯಾಗ" ಎಂದು ಮೌಲಾ ಮುತ್ಯಾ ಫೋನಿಟ್ಟ.

ಹೇಳಿದೆ. ಅದು ಕಾರಿನ ಪಂಪು ಎಂದು ನೀನೇ ಫೋನ್ ಮಾಡಿ ತಿಳಿಸು ಎಂದೂ ಹೇಳಿದೆ. ಮುತ್ಯಾ, "ನಾ ಕಳ್ಳ ಹೌದೋ ಅಲ್ಲೋ ಅಂಬೋದು ಅವಗ ಇಷ್ಟ್ ವರ್ಷದಾಗ ತಿಳೀಲಿಲ್ಲಂದ್ರ ಫೋನಿನ್ಯಾಗ ತಿಳೀತದೇನು?" ಎಂದ. ಆದರೆ ಸೀಟು ಒರೆಸುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋಗಿ ಕಟ್ಟೆಯ ಮೇಲೆ ಕುಳಿತ. ಅವತ್ತಿನಿಂದ ನೀರಿನ ಕಥೆಯನ್ನು ಒಮ್ಮೆಯೂ ಹೇಳಲಿಲ್ಲ. ಆ ಕಥೆ ಕೇಳಿ ಕೇಳಿ ಬೇಸತ್ತಿದ್ದ ನನಗೆ, ಅದು ನಿಂತ ಮೇಲೆ ಮನೆಯಲ್ಲಿ ಯಾವುದೋ ಗಡಿಯಾರ ನಿಂತಂತೆ ಆಗುತ್ತಿತ್ತು.

ಮದುವೆಗೆ ಎರಡು ದಿನ ಉಳಿದಿರುವಾಗ ಬೆಳಿಗ್ಗೆ ರಿಪೇರಿಗೆ ಕುಳಿತೆ. ಕಾರು ಓಡಿದರೆ ನಾನೇ ಕೊಂಕಲ್‌ಗೆ ಒಯ್ದು ತೋರಿಸಿ, ಕಾಲು ಹಿಡಿದಾದರೂ ಒಪ್ಪಿಸಬೇಕು ಎಂದುಕೊಂಡಿದ್ದೆ. ಹಳೆಯ ಪಂಪು ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಬೇಕು ಎಂದು ವಿಡಿಯೋದಲ್ಲಿ ಹೇಳಿದ್ದರು. ತೆಗೆದೆ. ಆಮೇಲೆ ನೋಡಿದರೆ ಪಂಪು ಇರಬೇಕಾದ ಜಾಗದಲ್ಲಿ ನನ್ನದೇ ಹಲ್ಲು. ಸೆಲ್ಫಿಯ ಅಭ್ಯಾಸ. ಇರಲಿ ಎಂದು ಪೆಟ್ರೋಲಿನ ಪೈಪು ಕಿತ್ತೆ. ಟಾಕಿ ಎತ್ತರದಲ್ಲಿದೆ, ಪೈಪು ತಗ್ಗಿನಲ್ಲಿದೆ, ಕಿತ್ತರೆ ಸುರಿಯುತ್ತದೆ ಎಂಬುದು ಸುರಿದ ಮೇಲೆ ಹೊಳೆಯಿತು. ಗಾಬರಿಯಾಗಿ ಪೈಪಿನ ಬಾಯಿಗೆ ಬೆರಳಿಟ್ಟೆ. ಪೆಟ್ರೋಲು ನಿಂತಿತು. ನಾನೂ ನಿಂತೆ. ಬೆರಳು ತೆಗೆಯುವಂತಿಲ್ಲ, ಎದ್ದು ಹೋಗುವಂತಿಲ್ಲ.

"ಎವ್ವಾ!" ಎಂದು ಕೂಗಿದೆ. ಅವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ನೋಡಿ, "ತೆಗೀಬ್ಯಾಡ ಮತ್ತ! ಒಲಿ ಆರಿಸಿ ಬರ್ತೀನಿ" ಎಂದು ಒಳಗೆ ಓಡಿದಳು. ಆಗ ಅಂಗಳದ ಮುಂದೆ ಆಟೋ ನಿಂತಿತು. ಮೌಲಾ ಮುತ್ಯಾ ಇಳಿದ. ಫೋನಿನಲ್ಲಿ ಬೈದದ್ದು ಸಾಕಾಗದೆ ಎದುರಿಗೇ ಬೈಯಲು ಬಂದಿದ್ದ.

"ಎಲ್ಲ್ಯದಲೇ ಶರಣ್ಯಾ ನಿನ್ ಪಂಪ್? ತೋರ್ಸು!"

ಮುತ್ಯಾ ಬಾಯಲ್ಲಿದ್ದ ಬೇವಿನಕಡ್ಡಿ ತೆಗೆಯದೆಯೇ ನನ್ನ ಕಡೆ ಗೋಣು ಆಡಿಸಿದ. "ಅಲ್ಲೇ ಅದ ನೋಡು. ಪಂಪ್ ನೆಲದ ಮ್ಯಾಲ ಅದ, ಅದ್ರ ಮಾಲಕ ಪೈಪಿನ್ಯಾಗ ಬೆರಳ್ ತುರುಕ್ಕೊಂಡ್ ಕುಂತಾನ."

ಪೇಪರಿನ ಮೇಲಿದ್ದ ಹೊಸ ಪಂಪನ್ನು ಮೌಲಾ ಮುತ್ಯಾ ಕೈಗೆತ್ತಿಕೊಂಡ. ಒಂದು ಪೇರಲ ಹಣ್ಣಿನಷ್ಟಿತ್ತು. ತಿರುಗಿಸಿ ನೋಡಿದ, ಕಿವಿಯ ಹತ್ತಿರ ಅಲ್ಲಾಡಿಸಿದ. "ಇದಾ? ಇದು ಕೆನಾಲ್ ನೀರ್ ಎತ್ತತದ?"

"ಇಲ್ಲ ಮುತ್ಯಾ. ಅದು ಆಮೀದು. ಪೆಟ್ರೋಲ್ ಎಳಿಯಾಕ" ಎಂದೆ. ಜೀವನದಲ್ಲಿ ನಾನು ಕೊಟ್ಟ ಅತಿ ಚಿಕ್ಕ ವಿವರಣೆ ಅದು.

ಆತ ಪಂಪನ್ನು ನೋಡಿದ, ನನ್ನ ಬೆರಳನ್ನು ನೋಡಿದ, ಮುತ್ಯಾನನ್ನು ನೋಡಿದ. ಗಡ್ಡದೊಳಗಿಂದ ನಗು ಒಡೆಯಿತು. "ಅರೇ ಅಲ್ಲಾ! ಇದಕ್ಕಾ ನಾ ಮೂರು ದಿನ ನಿದ್ದಿಗೆಟ್ಟೆ? ಮ್ಯಾಲ ಗೇಟ್ ಬಂದ್ ಮಾಡ್ಲಾರದ ಕೆಳಗ ಬಾಯ್ ಬಿಚ್ಯಾನ! ಮ್ಯಾಲಿನ ಊರವರ ಬುದ್ಧೀನ ಇಷ್ಟ್ ನೋಡ್!"

"ನಿದ್ದಿಗೆಟ್ಟೀಯಾ? ಬೇಷಾತು. ನಾನೂ ಕೆಟ್ಟೀನಿ" ಎಂದು ಮುತ್ಯಾ ಎದ್ದು ಬಂದು, ಬಾಯಲ್ಲಿ ಅರ್ಧ ಅಗಿದಿದ್ದ ಬೇವಿನಕಡ್ಡಿಯನ್ನು ತೆಗೆದು ಪೈಪಿಗೆ ಜಡಿದ. ನನ್ನ ಬೆರಳಿಗೆ ಬಿಡುಗಡೆಯಾಯಿತು. ಇಷ್ಟೇ ಅವರ ರಾಜಿ. ಅವ್ವ ಚಹಾ ಕೊಡಬೇಕೆಂದಳು, ಆದರೆ ಒಲೆ ಆರಿಸಿಬಿಟ್ಟಿದ್ದಳು.

ಉಳಿದ ಕೆಲಸಕ್ಕೆ ಇಬ್ಬರೂ ಎರಡು ಕಡೆ ಕುಳಿತರು. ಪಂಪಿನ ಕೆಳಗಿನ ಕಡ್ಡಿಯ ಯಾವ ತುದಿ ಕೆಳಗೆ ಎಂದು ನನಗೆ ಮರೆತಿತ್ತು, ಫೋಟೋದಲ್ಲಿ ಹಲ್ಲು ಮಾತ್ರ ಇತ್ತು. ಮತ್ತೆ ವಿಡಿಯೋ ನೋಡಿ ಚೂಪು ತುದಿ ಕೆಳಗೆ ಮಾಡಿ, ಗ್ರೀಸು ಬಳಿದು, ಹೊಸ ಪ್ಯಾಕಿಂಗು ಇಟ್ಟು, ಎರಡು ನಟ್ಟು ಬಿಗಿದೆ. ಚೆಲ್ಲಿದ ಪೆಟ್ರೋಲು ಒರೆಸಿ, ಅದು ಪೂರ್ತಿ ಆರುವ ತನಕ ಕಾದು, ಬೇವಿನಕಡ್ಡಿ ಕಿತ್ತು ಪೈಪು ಜೋಡಿಸಿ ಚಾವಿ ತಿರುಗಿಸಿದೆ. ಗೊರ್ ಗೊರ್ ಅಷ್ಟೇ. ನನ್ನ ಮುಖ ಸಣ್ಣಗಾಯಿತು. ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ದಾರಿಯಲ್ಲಿ ಪೆಟ್ರೋಲು ಸೋಸಲು ಗಾಜಿನಂಥ ಒಂದು ಪುಟ್ಟ ಫಿಲ್ಟರ್ ಬುರುಡೆ ಹಾಕಿದ್ದೆ. ಅದು ಖಾಲಿಯಿತ್ತು. ಮುದುಕರಿಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಅದನ್ನೇ ನೋಡುತ್ತ ಬಗ್ಗಿದ್ದರು.

"ತಡಿ, ಅವಸರ ಮಾಡಬ್ಯಾಡ" ಎಂದ ಮೌಲಾ ಮುತ್ಯಾ. "ಒಣಾ ದಾರಿ. ಬರ್ಲಿಕ್ಕೆ ಹೊತ್ತು ಹಿಡೀತದ."

ಮತ್ತೆ ತಿರುಗಿಸಿದೆ. ಬುರುಡೆಯ ತಳದಲ್ಲಿ ಒಂದು ಗುಳ್ಳೆ, ಅದರ ಹಿಂದೆ ತೆಳ್ಳಗೆ ಹಳದಿ.

"ಬಂತು!" ಎಂದ ಮುತ್ಯಾ.

"ಬಂತು, ಬಂತು!" ಎಂದು ಮೌಲಾ ಮುತ್ಯಾ ಇಡೀ ಓಣಿಗೆ ಕೇಳುವಂತೆ ಕೂಗಿದ. ಆಮಿ ಒಮ್ಮೆ ಕೆಮ್ಮಿ, ತನ್ನ ಹಳೆಯ ಟಪಟಪ ದನಿಯಲ್ಲಿ ಮಾತಾಡತೊಡಗಿತು. ಆ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ ಎಂದು ಹೇಳಿದೆನಲ್ಲ, ಇನ್ನು ಮೇಲೆ ಅದು ಅಷ್ಟೇನೂ ಸುಳ್ಳಲ್ಲ.

ಮದುವೆಯ ದಿನ ರೇಷ್ಮಾಳನ್ನು ಗಂಡನ ಮನೆಗೆ ಬಿಟ್ಟು ಕಾಲುವೆಯ ಏರಿಯ ಮೇಲೆ ವಾಪಸು ಬರುತ್ತಿದ್ದೆವು. ಸ್ಟೇರಿಂಗ್ ನನ್ನ ಕೈಯಲ್ಲಿತ್ತು, ಮುತ್ಯಾ ನನ್ನ ಪಕ್ಕದ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಹಳೆಯ ವಾದದಲ್ಲಿ ಯಾರದು ಸತ್ಯ ಎಂಬುದು ಆವಾಗ ನನಗೆ ತಿಳಿಯಿತು. ಹಿಂದೆ ಕುಳಿತಿದ್ದ ಮೌಲಾ ಮುತ್ಯಾ ಸುತ್ತ ಯಾರೂ ಇಲ್ಲವೆಂದು ಎರಡೂ ಕಿಟಕಿಯಲ್ಲಿ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದ.

"ಖರೇ ಹೇಳು ಬೇಟಾ. ಆ ಕರೆಂಟ್ ಇಲ್ಲದ್ದು, ಸಪ್ಪಳ ಇಲ್ಲದ್ದು... ದೊಡ್ಡ ಸೈಜಿನ್ಯಾಗ ಸಿಗಂಗಿಲ್ಲೇನು?"

ಇಲ್ಲ ಎಂದರೆ ಮುಗಿಯುತ್ತಿತ್ತು. "ಸಿಗಬಹುದು ಮುತ್ಯಾ. ಅದ್ರಾಗ ಏನದ ಅಂದ್ರ..." ಎಂದು ನಾನು ಶುರು ಮಾಡಿದೆ.