ಬಾಗಿಲಂಚಿನ ಚೀಟಿ

ಲಾಯ್ಡ್ ಕ್ರೂಗರನ ಆ ದಿನದ ಸಂಕಟಕ್ಕೆಲ್ಲ ಮೂಲ ಅಂಗೈಯಗಲದ ಒಂದು ಚೀಟಿ. ಅದು ಅವನ ಬಿಳಿ ಪಿಕಪ್ಪಿನ ಬಾಗಿಲಿನ ಅಂಚಿಗೆ ಅಂಟಿಕೊಂಡು ಐದು ವರ್ಷ ಯಾರ ಗೋಜಿಗೂ ಹೋಗದೆ ತೆಪ್ಪಗಿತ್ತು. ಅಕ್ಟೋಬರಿನ ಆ ಬೆಳಿಗ್ಗೆ ಡ್ವೇನ್ ಅದನ್ನು ಓದಿದ.

ಕೀರ್ನಿಯ ಹೊರವಲಯದಲ್ಲಿ ಕ್ಯಾಂಪರುಗಳು, ಅಂದರೆ ಗಾಡಿಗೆ ಕಟ್ಟಿ ಎಳೆಯುವ ಚಕ್ರದ ಮನೆಗಳು, ತಂಗುವ ಬಿಡಾರದಲ್ಲಿ ಡ್ವೇನ್ ಲಾಯ್ಡನ ಪಕ್ಕದ ಜಾಗದವನು. ನೆಬ್ರಾಸ್ಕಾದ ಹೆದ್ದಾರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಲಾರಿಗಳನ್ನು ತೂಗಿ ನಿವೃತ್ತನಾಗಿದ್ದ. ಆದರೆ ತೂಗುವ ಚಟಕ್ಕೆ ನಿವೃತ್ತಿಯಾಗಿರಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡರೂ "ಹದಿನೆಂಟೂವರೆ ಪೌಂಡು" ಎಂದೇ ಮುದ್ದು ಮಾಡುವ ಮನುಷ್ಯ.

"ಲಾಯ್ಡ್, ಬಾ ಇಲ್ಲಿ. ಈ ಗಾಡಿ ಆ ಕ್ಯಾಂಪರ್ ಎಳೆಯುತ್ತೆ ಅಂತ ನಿಂಗೆ ಯಾರು ಹೇಳಿದ್ದು ಮಾರಾಯ?"

"ಕಂಪನಿ ಪುಸ್ತಕದಲ್ಲೇ ಇದೆ. ಗಾಡಿ ಹದಿನೈದು ಸಾವಿರ ಪೌಂಡ್ ಎಳೆಯುತ್ತೆ, ಕ್ಯಾಂಪರ್ ಇರೋದು ಹನ್ನೆರಡು ಸಾವಿರ. ಇನ್ನೂ ಮೂರು ಸಾವಿರ ಮಿಗುತ್ತಲ್ಲ, ನಿಂಗೇನು ನೋವು?"

"ಎಳೆಯೋದು ಬೇರೆ, ಹೊರೋದು ಬೇರೆ ಕಣಯ್ಯ. ನಿನ್ನದು ಹಿಂದೆ ಸುಮ್ನೆ ಉರುಳ್ಕೊಂಡು ಬರೋ ಕ್ಯಾಂಪರ್ ಅಲ್ಲ. ಕತ್ತು ತಂದು ಪಿಕಪ್ಪಿನ ಬೆನ್ನ ಮೇಲೆ ಊರ್ಕೊಂಡು ಕೂರೋದು. ಐದರಲ್ಲೊಂದು ಪಾಲು ಭಾರ ಬೆನ್ನಿಗೇ! ಆ ಬೆನ್ನು ಎಷ್ಟು ತಡೆಯುತ್ತೆ? ಇಲ್ಲಿ ಬರೆದವ್ರೆ ನೋಡು. ಎರಡು ಸಾವಿರದ ನಾನೂರ ಎಂಬತ್ತು. ಒಳಗೆ ಕೂರೋ ಜನಾನೂ ಸೇರಿ."

ಇಷ್ಟನ್ನು ಡ್ವೇನ್ ಮೆಲ್ಲಗೆ ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಲಾರಿಗಳ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲು ಅದು. ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತಿದ್ದ ಲಾಯ್ಡನ ಹೆಂಡತಿ ಆರ್ಡಿತ್ ಲೋಟ ಕೆಳಗಿಟ್ಟಳು.

"ಲಾಯ್ಡ್, ತೂಗಿಸ್ಕೊಂಡು ಬಾ. ಭಾರ ಸರಿಯಿದ್ರೆ ಈ ಚಳಿಗಾಲಕ್ಕೆ ಅರಿಝೋನಾದ ಬಿಸಿಲಿಗೆ. ಇಲ್ಲಾಂದ್ರೆ ಕ್ಯಾಂಪರ್ ಇಲ್ಲೇ ಬಿಟ್ಟು ಫಾರ್ಗೋಗೆ, ಲವಾನ್ ಮನೆಗೆ. ಬೆಟ್ಟದ ಇಳಿಜಾರಲ್ಲಿ ಬ್ರೇಕ್ ಹಿಡೀದೆ ಸಾಯೋಕೆ ನಾನು ತಯಾರಿಲ್ಲ."

ಲವಾನ್ ಆರ್ಡಿತಳ ಅಕ್ಕ. ಅವಳ ಊರಿನ ಚಳಿಗಾಲದಲ್ಲಿ ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುತ್ತದೆ. ಅದನ್ನಾದರೂ ಲಾಯ್ಡ್ ಸಹಿಸಿಯಾನು. ಸಹಿಸಲಾಗದ್ದು ಅವಳ ಅಂಚೆಗೂಡಿನ ಕತೆ. ಮನೆಯ ಮುಂದೆ ಟಪಾಲು ಹಾಕಲೆಂದು ಅವಳ ದಿವಂಗತ ಗಂಡ ಕೆಂಪು ಇಟ್ಟಿಗೆಯಲ್ಲಿ ಕಟ್ಟಿದ್ದ ಅಂಚೆಗೂಡನ್ನು ಐದು ವರ್ಷದ ಹಿಂದೆ ಹಿಮ ಗೋರುವ ಗಾಡಿಯವನು ಗುದ್ದಿ ಕೆಡವಿದನಂತೆ. ಲಾಯ್ಡ್ ಮೂವತ್ತನಾಲ್ಕು ವರ್ಷ ಮನೆಮನೆಗೆ ಅಂಚೆ ಹಂಚಿದವನು; ಹಾಗಾಗಿ ಈ ದುಃಖ ಅವನಿಗಲ್ಲದೆ ಇನ್ನಾರಿಗೆ ತಿಳಿದೀತು ಎಂಬುದು ಅವಳ ನಂಬಿಕೆ. ಅವಳು ಕತೆ ತೆಗೆದಾಗಲೆಲ್ಲ ಲಾಯ್ಡ್ ಬಗ್ಗಿ ಬೂಟಿನ ದಾರವನ್ನು ಬಿಚ್ಚಿ, ಮತ್ತೆ ಕಟ್ಟುತ್ತಿದ್ದ.

ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನ ವೇಬ್ರಿಡ್ಜಿಗೆ ಮೂವರೂ ಹೊರಟರು. ಕ್ಯಾಂಪರನ್ನು ಹಿಂದೆ ಕಟ್ಟಿಕೊಂಡು ಪಿಕಪ್ ತಟ್ಟೆಯ ಮೇಲೆ ನಿಂತಿತು. ತೂಕದ ಚೀಟಿ ಬಂತು. ಡ್ವೇನ್ ಹಿಂದಿನ ಸೀಟಿನಲ್ಲಿ ಕೂತೇ ಲೆಕ್ಕ ಹಾಕಿದ.

"ಬೆನ್ನ ಮೇಲಿನ ಭಾರ ಎರಡು ಸಾವಿರದ ಒಂಬೈನೂರ ತೊಂಬತ್ತು! ಕೊಲೆ ಕಣಯ್ಯ ಇದು, ಕೊಲೆ!"

"ಅದ್ರಲ್ಲಿ ನಿನ್ನ ಭಾರ ಎಷ್ಟು?" ಎಂದ ಲಾಯ್ಡ್.

ಡ್ವೇನ್ ಹೊಟ್ಟೆ ಒಳಗೆಳೆದುಕೊಂಡ. "ಇನ್ನೂರ ಮೂವತ್ತು."

ಅವನನ್ನು ಇಳಿಸಿ ತೂಗಿದರು. ಆದರೂ ಇನ್ನೂರ ಎಂಬತ್ತು ಪೌಂಡ್ ಹೆಚ್ಚು. ಆರ್ಡಿತ್ ಕೈಚೀಲದಿಂದ ಉಣ್ಣೆಯ ಟೋಪಿ ತೆಗೆದು ನೋಡಿಕೊಂಡಳು. ಅದು ಫಾರ್ಗೋದ ಚಳಿಗೆಂದೇ ಇಟ್ಟ ಟೋಪಿ.

ಅವರು ಬಿಡಾರಕ್ಕೆ ಮರಳುವಷ್ಟರಲ್ಲಿ ಸುದ್ದಿ ಮುಂದಾಗಿಯೇ ತಲುಪಿತ್ತು. ಎದುರಿನ ಜಾಗದವಳು ಮರ್ಲಾ; ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳು. ಮಡಿಚುವ ಮೇಜೊಂದನ್ನು ಹುಲ್ಲಿನ ಮೇಲೆ ಹಾಕಿ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಎಲ್ಲಾ ಹೊರಗೆ ತೆಗಿ ಲಾಯ್ಡ್. ನಾಚ್ಕೋಬೇಡ, ಎಲ್ರೂ ಒಂದಲ್ಲ ಒಂದಿನ ತೆಗೆದೋರೇ."

ಕ್ಯಾಂಪರಿನ ಮುಂಭಾಗದ ಗೂಡಿನಿಂದ ಸಾಮಾನು ಹೊರಬೀಳತೊಡಗಿತು. ಪಾನೆ ಸುತ್ತಿಗೆಗಳ ಪೆಟ್ಟಿಗೆ, ಕಬ್ಬಿಣದ ಬಾಣಲೆ ಆರು, ನೆಲದ ಮೇಲೆ ಉರುಳಿಸಿ ಗೂಟ ಬೀಳಿಸುವ ಭಾರದ ಬೌಲಿಂಗ್ ಚೆಂಡು ನಾಲ್ಕು.

"ನಾಲ್ಕು ಯಾಕೋ? ಕೈ ಇರೋದು ಎರಡೇ ಅಲ್ವಾ?" ಎಂದಳು ಮರ್ಲಾ.

"ಒಂದೊಂದೂ ಒಂದೊಂದು ಥರ ತಿರುಗುತ್ತೆ," ಎಂದ ಲಾಯ್ಡ್, ಮಕ್ಕಳನ್ನು ಬಿಟ್ಟುಕೊಡುವ ತಂದೆಯಂತೆ ಅವುಗಳನ್ನು ಮೇಜಿನ ಮೇಲಿಡುತ್ತ.

ನೀರಿನ ತೊಟ್ಟಿ ಬರಿದಾಯಿತು. ಆರ್ಡಿತಳ ಹೊಲಿಗೆಯಂತ್ರದ ಕಡೆ ಲಾಯ್ಡನ ಕೈ ಹೋಯಿತು, ಆರ್ಡಿತ್ ಕೆಮ್ಮಿದಳು, ಕೈ ಹಿಂದಕ್ಕೆ ಬಂತು. ಮತ್ತೆ ವೇಬ್ರಿಡ್ಜು, ಮತ್ತೆ ಚೀಟಿ.

"ಇನ್ನು ಬರೀ ನಲವತ್ತು!" ಎಂದು ಕೆಳಗೆ ನಿಂತಿದ್ದ ಡ್ವೇನ್ ಕೂಗಿದ.

ನಲವತ್ತು ಪೌಂಡು! ಗುರಿಯ ಇಷ್ಟು ಸಮೀಪ ಬಂದ ಗಂಡಸಿಗೆ ಬುದ್ಧಿ ಕೆಡುವುದು ಸಹಜ. ಲಾಯ್ಡ್ ಹೆಂಡತಿಯ ಕಡೆ ತಿರುಗಿ, ಅತ್ಯಂತ ಮೃದುವಾಗಿ, "ಆರ್ಡಿತ್, ನೀನೊಬ್ಳು ಬಸ್ಸಲ್ಲಿ ಬಂದ್ರೆ..." ಎಂದ.

ವೇಬ್ರಿಡ್ಜಿನ ಸುತ್ತಮುತ್ತ ನಿಂತಿದ್ದ ಲಾರಿ ಚಾಲಕರೆಲ್ಲ ನೆಲ ನೋಡಿದರು. ಆರ್ಡಿತ್ ಉಣ್ಣೆಯ ಟೋಪಿಯನ್ನು ತಲೆಗೇ ಹಾಕಿಕೊಂಡಳು.

ಅಷ್ಟರಲ್ಲಿ ಡ್ವೇನ್ ಹಳೆಯ ಅಭ್ಯಾಸದಂತೆ ಗಾಡಿಯ ನಂಬರುಗಳನ್ನು ಬರೆದುಕೊಳ್ಳುತ್ತಿದ್ದವನು ಹುಬ್ಬು ಗಂಟಿಕ್ಕಿದ. "ಇದೇನೋ ಇದು? ಕಂಪನಿಯವ್ರು ಮುಂದಿನ ಗಾಜಿನ ಹತ್ರ ಹಾಕಿರೋ ನಂಬರೇ ಒಂದು, ಬಾಗಿಲ ಚೀಟಿ ನಂಬರೇ ಒಂದು. ಬರೆಯೋರು ಕುಡಿದಿದ್ರು ಅಂತ ಕಾಣುತ್ತೆ."

ಲಾಯ್ಡನಿಗೆ ನಿಜ ಗೊತ್ತಿತ್ತು. ಕುಡಿದವರು ಯಾರೂ ಇರಲಿಲ್ಲ. ಆ ಬಾಗಿಲು ಈ ಗಾಡಿಯದೇ ಅಲ್ಲ. ಫಾರ್ಗೋದ ಗುಜರಿಯಲ್ಲಿ ಸಿಕ್ಕಿದ್ದು. ಅದು ಬಂದದ್ದು ರಬ್ಬರ್ ನೆಲ, ಬಟ್ಟೆ ಸೀಟಿನ ಒಂದು ಬಡಕಲು ಕೂಲಿ ಪಿಕಪ್ಪಿನಿಂದ. ತನ್ನದೋ, ಚರ್ಮದ ಸೀಟು, ಗಾಜಿನ ಚಾವಣಿ, ಬೆನ್ನು ಬೆಚ್ಚಗಾಗಿಸುವ ವ್ಯವಸ್ಥೆಗಳ ಮಹಾರಾಜ. ಆ ಕೂಲಿಯೇ ಎರಡು ಸಾವಿರದ ನಾನೂರ ಎಂಬತ್ತು ಹೊತ್ತರೆ ಈ ಮಹಾರಾಜ ಇನ್ನೆಷ್ಟು ಹೊತ್ತಾನು! ಅರಿಝೋನಾ ಕೈಯಳತೆಯಲ್ಲಿತ್ತು. ಬಾಯಿ ಬಿಟ್ಟರೆ ಸಾಕು. ಆದರೆ ಬಾಯಿ ಬಿಟ್ಟರೆ ಐದು ವರ್ಷದ ಗುಟ್ಟೂ ಹೊರಬೀಳುತ್ತದೆ.

ಅವನು ಆರ್ಡಿತಳ ಟೋಪಿಯನ್ನು ನೋಡಿದ. ಕಣ್ಣು ಮುಚ್ಚಿ ಬಾಯಿ ಬಿಟ್ಟ.

"ಚೀಟಿ ಸರಿಯಾಗೇ ಇದೆ. ಬಾಗಿಲು ಬೇರೇದು. ಐದು ವರ್ಷದ ಹಿಂದೆ ಫಾರ್ಗೋದಲ್ಲಿ ನೀವು ಅಕ್ಕತಂಗೀರು ಎರಡು ದಿನ ಕೌದಿ ಪ್ರದರ್ಶನಕ್ಕೆ ಹೋಗಿದ್ರಲ್ಲ, ಆಗ... ಬಾಗಿಲು ತೆಗೆದು ಹಿಂದೆ ನೋಡ್ಕೊಂಡು ಗಾಡಿ ಹಿಂದಕ್ಕೆ ತಗೋತಿದ್ದೆ. ತೆಗೆದ ಬಾಗಿಲು ಹೋಗಿ ಲವಾನ್ ಅಂಚೆಗೂಡಿಗೆ ಸಿಕ್ಕಾಕ್ಕೊಳ್ತು. ಎರಡೂ ಹೋದ್ವು. ಬಾಗಿಲಂತೂ ಅದೇ ಬಣ್ಣದ್ದು ಸಿಕ್ತು."

"ಅಂಚೆಯೋನೇ ಅಂಚೆಗೂಡು ಬೀಳಿಸೋದಾ!" ಎಂದು ಡ್ವೇನ್ ಉಸುರಿದ.

ಆರ್ಡಿತ್ ಬೈಯಲು ಬಾಯಿ ತೆರೆದಳು. ಲಾಯ್ಡ್ ಅವಸರವಸರವಾಗಿ, "ಅದೆಲ್ಲ ಆಮೇಲೆ ಬೈ. ಮೊದ್ಲು ನಮ್ಮ ಗಾಡಿ ನಿಜವಾದ ನಂಬರ್ ಹೇಳಿ, ಎಷ್ಟು ಹೊರುತ್ತೆ ಅಂತ ಕೇಳು ಡ್ವೇನ್!" ಎಂದ.

ಡ್ವೇನ್ ಗಾಡಿ ಮಾರಿದ ಅಂಗಡಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಎತ್ತಿ ಹಿಡಿದ. ಆ ಕಡೆಯ ಹುಡುಗಿ ನಂಬರು ಬರೆದುಕೊಂಡು ಮಧುರವಾಗಿ ಹೇಳಿದಳು: "ಎರಡು ಸಾವಿರದ ನೂರ ನಲವತ್ತು ಪೌಂಡ್ ಸರ್."

"ಕಮ್ಮಿ ಹೇಗಮ್ಮ ಆಗುತ್ತೆ? ನಂದು ಎಲ್ಲಾ ಸೌಕರ್ಯ ಇರೋ ಗಾಡಿ!"

"ಅದಕ್ಕೇ ಸರ್. ಆ ಸೌಕರ್ಯನೆಲ್ಲ ಈಗಾಗ್ಲೇ ಗಾಡೀನೇ ಹೊತ್ಕೊಂಡಿದೆಯಲ್ಲ. ಏನೂ ಇಲ್ದಿರೋ ಗಾಡೀನೇ ಜಾಸ್ತಿ ಹೊರೋದು."

ನಲವತ್ತು ಹೆಚ್ಚಿದ್ದದ್ದು ಈಗ ಮುನ್ನೂರ ಎಂಬತ್ತಾಯಿತು. ಆರ್ಡಿತ್ ತನ್ನ ಫೋನು ತೆಗೆದು ದೂರ ಹೋಗಿ ಅಕ್ಕನೊಡನೆ ಮಾತಾಡಿದಳು. ಬಹಳ ಹೊತ್ತು ಮಾತಾಡಿದಳು. ಮರಳಿ ಬಂದಾಗ ಅವಳ ಮುಖ ಪ್ರಶಾಂತವಾಗಿತ್ತು. ಲಾಯ್ಡನಿಗೆ ಅದೇ ಭಯ ಹುಟ್ಟಿಸಿತು.

"ಏನಂದ್ಲು?"

"ಐದು ವರ್ಷದಿಂದ ಆ ಹಿಮ ಗೋರೋನಿಗೆ ಬೈದೂ ಬೈದೂ, ಅವನು ಅವಳ ಮನೆ ಮುಂದೆ ಗೋರೋದೇ ಬಿಟ್ಟಿದ್ದಾನಂತೆ. ಈ ಚಳಿಗಾಲ ನೀನು ಗೋರಬೇಕಂತೆ. ಅಂಚೆಗೂಡೂ ನೀನೇ ಕಟ್ಟಬೇಕಂತೆ. ಅವಳ ಗಂಡ ತಂದಿದ್ದ ಕೆಂಪು ಇಟ್ಟಿಗೆ ಇದೇ ಊರಿಂದಂತೆ. ನಾನೂರು ತಗೊಂಡು ಬನ್ನಿ ಅಂದ್ಲು."

ಡ್ವೇನನ ಪೆನ್ಸಿಲ್ ಆಗಲೇ ಓಡುತ್ತಿತ್ತು. "ಕ್ಯಾಂಪರ್ ಅಂತೂ ಇಲ್ಲೇ ಇರುತ್ತೆ. ಒಂದೊಂದು ಇಟ್ಟಿಗೆ ನಾಲ್ಕೂವರೆ ಪೌಂಡು, ನಾನೂರಕ್ಕೆ ಸಾವಿರದ ಎಂಟುನೂರು. ನೀವಿಬ್ರೂ ಸೇರಿ ಮುನ್ನೂರ ನಲವತ್ತು..." ಅವನು ತಲೆಯೆತ್ತಿದ. ಆ ಮುಖದಲ್ಲಿ ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಎಂದೂ ಮೂಡದ ಆನಂದವಿತ್ತು.

"ಸರಿಯಾಗಿ ಎರಡು ಸಾವಿರದ ನೂರ ನಲವತ್ತು, ಲಾಯ್ಡ್! ಒಂದು ಪೌಂಡೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ! ಧಾರಾಳವಾಗಿ ಹೋಗ್ಬಾ!"

ಲಾಯ್ಡ್ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.