ಐವತ್ತರಲ್ಲೇ ನಿಂತ ಮುಳ್ಳಿಗೆ

ನಮ್ಮ ಲಾರಿಯ ಗಾಜಿನ ಡಬ್ಬಿಯೊಳಗೆ ಮಳೆಬಿಸಿಲು ತಾಗದಂತೆ ಆಸೀನರಾಗಿರುವ ಶ್ರೀಮಾನ್ ಸ್ಪೀಡೋಮೀಟರ್ ಅವರಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ದೇಲಂಪಾಡಿಯಲ್ಲಿ ಮದುವೆಗಳಿಗೆ ಕುರ್ಚಿ, ಮೇಜು, ಪಾತ್ರೆಗಳನ್ನು ಬಾಡಿಗೆಗೆ ಕೊಟ್ಟು, ಅವನ್ನು ಸ್ವತಃ ಲಾರಿಯಲ್ಲಿ ಮುಟ್ಟಿಸುವ ರಾಜೀವಿ ಎಂಬ ನಾನು, ದಿನವೂ ತಮ್ಮ ಎದುರೇ ಕುಳಿತುಕೊಳ್ಳುವವಳಾದರೂ, ನಾಲ್ಕು ಜನರಿಗೂ ತಿಳಿಯಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ದಾರಿಯ ಕಲ್ಲುಗಳು ಲಾರಿಯ ಹೊಟ್ಟೆಗೆ ತಾಗುತ್ತವೆಂದು ನನ್ನ ಯಜಮಾನರಾದ ಕಿಟ್ಟಣ್ಣನವರು ಮಳೆಗಾಲ ಮುಗಿದದ್ದೇ ಮೊದಲಿಗಿಂತ ದೊಡ್ಡ ಟಯರುಗಳನ್ನು ಹಾಕಿಸಿದರು. ಅಂದಿನಿಂದ ತಮ್ಮ ಕೃಪೆಯಿಂದ ನಮಗೆ ಒದಗಿದ ಭಾಗ್ಯವನ್ನು ಹೇಗೆ ವರ್ಣಿಸಲಿ? ತಮ್ಮ ಮುಳ್ಳು ಐವತ್ತನ್ನು ದಾಟದೆ ಸಾಧುವಿನಂತೆ ನಿಂತಿರುತ್ತಿತ್ತು, ಆದರೂ ನಾವು ಎಲ್ಲ ಕಡೆಗೂ ಬೇಗನೇ ತಲುಪುತ್ತಿದ್ದೆವು. ಅಡುಗೆಯವರು ಏಳುವ ಮೊದಲೇ ಅವರ ಪಾತ್ರೆಗಳು ಹಾಲ್‌ನ ಬಾಗಿಲಲ್ಲಿ ಇರುತ್ತಿದ್ದವು. ನನ್ನ ಕೈಗುಣವೆಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಅಷ್ಟರಲ್ಲಿ ಮೊಬೈಲಿಗೆ ನೋಟಿಸು ಬಂತು. ಐವತ್ತರ ಬೋರ್ಡು ಇದ್ದಲ್ಲಿ ಐವತ್ತಾರರಲ್ಲಿ ಹೋಗಿದ್ದೇನಂತೆ. ಕ್ಯಾಮರಾ ತೆಗೆದ ಫೋಟೋದಲ್ಲಿ ನನ್ನ ಮುಖ ಮದುವೆಯ ಆಲ್ಬಮಿಗಿಂತ ಚೆನ್ನಾಗಿ ಬಂದಿತ್ತು, ಪಕ್ಕದಲ್ಲಿ ಕಿಟ್ಟಣ್ಣನವರು ಬಾಯಿ ತುಂಬ ಆಕಳಿಸುತ್ತಿದ್ದರು. "ಮುಳ್ಳು ಐವತ್ತರಲ್ಲೇ ಇತ್ತು ಮಾರಾಯ್ರೇ, ನಾನೇ ನೋಡಿದ್ದೇನೆ" ಎಂದು ಅವರು ಕಂಡಕಂಡವರ ಎದುರು ಸಾಕ್ಷಿ ಹೇಳಿದರು. ಆಕಳಿಸುತ್ತಿದ್ದ ಗಂಡನ ಸಾಕ್ಷಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೈದುನ ಸುಜನ್ ಅಂತೂ, "ಅತ್ತಿಗೆ, ಸೀಟ್ ಬೆಲ್ಟ್ ಒಟ್ಟಿಗೆ ಪ್ಯಾರಾಚೂಟೂ ಕೊಡ್ತೀರಾ?" ಎಂದು ಕೇಳಿದ.

ಅದನ್ನು ನಗುತ್ತಲೇ ನುಂಗಿಕೊಂಡೆ. ಆದರೆ ನೋಟಿಸಿನ ಸುದ್ದಿ ಕೇಳಿ ನೆಕ್ರಾಜೆಯ ಅನ್ನಪೂರ್ಣೇಶ್ವರಿ ಟೀಚರ್ ಫೋನ್ ಮಾಡಿದಾಗ ನನಗೆ ನಗು ಬರಲಿಲ್ಲ. ಅವರ ಮಗಳು ಶ್ರೀರಂಜಿನಿಯ ಮದುವೆ ಮಂಜೇಶ್ವರದ ಹಾಲ್‌ನಲ್ಲಿ ನಿಶ್ಚಯವಾಗಿ, ಸಾಮಾನೆಲ್ಲ ನಮ್ಮಿಂದಲೇ ಎಂದು ಮಾತಾಗಿತ್ತು. "ಬೇಸರ ಮಾಡಬೇಡ ರಾಜೀವಿ, ಗಾಜಿನ ಲೋಟಗಳೆಲ್ಲ ಉಂಟಲ್ಲ, ನಿಧಾನ ಹೋಗುವವರು ಯಾರಾದರೂ ಸಿಗ್ತಾರಾ ನೋಡ್ತೇನೆ" ಎಂದರು. ಒಂದು ಲೋಟಕ್ಕೂ ಬಿರುಕು ಬೀಳಿಸದೆ ಇಷ್ಟು ವರ್ಷ ಲಾರಿ ಓಡಿಸಿದವಳು ನಾನು. ಆ ದಿನ ನನಗೆ ಅನ್ನ ಸೇರಲಿಲ್ಲ.

ಮರುದಿನ ಪಾತ್ರೆ ತೊಳೆಯುತ್ತಿದ್ದಾಗ ಒಂದು ವಿಷಯ ತಲೆಗೆ ಹೊಳೆಯಿತು. ಮೊದಲು ನಮ್ಮ ಅಂಗಳದಿಂದ ಆ ಹಾಲ್‌ಗೆ ತಾವು ಐವತ್ತೆಂಟು ಕಿಲೋಮೀಟರ್ ತೋರಿಸುತ್ತಿದ್ದಿರಿ, ಈಗ ಐವತ್ತೆರಡು. ಮಂಜೇಶ್ವರವೇ ಎದ್ದು ನಮ್ಮ ಕಡೆಗೆ ನಡೆದು ಬಂದಿದ್ದರೆ ಅಲ್ಲಿಯವರು ಯಾರಾದರೂ ಹೇಳದೆ ಇರುತ್ತಿದ್ದರೇ? ಕೂಡಲೇ ಸುಜನ್‌ನನ್ನು ಎಬ್ಬಿಸಿ, ಬೈಕಿನಲ್ಲಿ ಲಾರಿಯ ಹಿಂದೆಯೇ ಅದೇ ವೇಗದಲ್ಲಿ ಬಾ ಎಂದೆ. ತಮ್ಮ ಮುಳ್ಳು ಐವತ್ತರಲ್ಲಿ ತಣ್ಣಗಿತ್ತು. ಹಿಂದಿನಿಂದ ಕೂಗು ಕೇಳಿತು: "ಅತ್ತಿಗೆ, ಇಲ್ಲಿ ಐವತ್ತಾರು!" ದೊಡ್ಡ ಚಕ್ರ ಒಂದೊಂದು ಸುತ್ತಿಗೂ ಹೆಚ್ಚು ದೂರ ಹೋಗುತ್ತಿದ್ದರೂ ತಾವು ಮಾತ್ರ ಹಳೆಯ ಚಿಕ್ಕ ಚಕ್ರದ ಲೆಕ್ಕವನ್ನೇ ಒಪ್ಪಿಸುತ್ತಿದ್ದಿರಿ. ಸುಜನ್ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, "ತಪ್ಪಾಯಿತು ಅತ್ತಿಗೆ" ಎಂದ. ತಮ್ಮಿಂದ ಅಷ್ಟೂ ಬರಲಿಲ್ಲ.

ಆದ್ದರಿಂದಲೇ ತಮ್ಮನ್ನು ವಿಷ್ಣುಪ್ರಸಾದರ ವರ್ಕ್‌ಶಾಪಿಗೆ ಕರೆದೊಯ್ದು, ಹೊಸ ಟಯರಿನ ಅಳತೆಯನ್ನು ತಮ್ಮ ತಲೆಗೆ ತುಂಬಿಸಿ, ಮೊಬೈಲು ತೋರಿಸುವ ವೇಗವೂ ತಮ್ಮ ವೇಗವೂ ಒಂದೇ ಆಗುವವರೆಗೆ ಓಡಿಸಿ ನೋಡಿದೆ. ಇನ್ನು ನನ್ನ ಬೇಡಿಕೆ ಸಣ್ಣದು: ತಾವು ದಯವಿಟ್ಟು ಡ್ಯಾಶ್‌ಬೋರ್ಡಿನಿಂದ ಇಳಿದು, ನೆಕ್ರಾಜೆಯಲ್ಲಿ ಮನೆಮನೆಗೂ ಹೋಗಿ, "ರಾಜೀವಿಯದ್ದು ತಪ್ಪಿಲ್ಲ, ಸುಳ್ಳು ಹೇಳಿದ್ದು ನಾನು" ಎಂದು ಮುಳ್ಳು ಬಗ್ಗಿಸಿ ಹೇಳತಕ್ಕದ್ದು.

ತಾವು ಇಳಿಯುವ ಲಕ್ಷಣ ಕಾಣದ ಕಾರಣ ನಾನೇ ಟೀಚರ ಮನೆಗೆ ಹೋಗಿ, ನಡೆದದ್ದನ್ನು ವಿವರಿಸಿ, ನಂಬಿಕೆ ಬಾರದಿದ್ದರೆ ಲೋಟಗಳ ಜೊತೆ ನೀವೂ ಕೂತು ನೋಡಿ ಎಂದೆ. ಮದುವೆಯ ಮುನ್ನಾದಿನ ಅವರು ನಿಜಕ್ಕೂ ಹತ್ತಿ ಕುಳಿತರು, ಕಣ್ಣನ್ನು ತಮ್ಮ ಮೇಲೆಯೇ ನೆಟ್ಟರು. ನಾನು ನಲವತ್ತನ್ನು ದಾಟಲಿಲ್ಲ. ಬಸ್ಸು ದಾಟಿಹೋಯಿತು, ಆಟೋ ದಾಟಿಹೋಯಿತು, ಹಾಲಿನ ಕ್ಯಾನು ಕಟ್ಟಿದ ಸ್ಕೂಟರಿನ ಅಜ್ಜನೂ ದಾಟಿಹೋದರು. ಕೊನೆಗೆ ಟೀಚರ್ ನನ್ನ ಹೆಗಲು ತಟ್ಟಿ, "ರಾಜೀವಿ, ಹೀಗೆ ಹೋದರೆ ನಾವು ಶ್ರೀರಂಜಿನಿಯ ಸೀಮಂತಕ್ಕೆ ಮುಟ್ಟಬಹುದು. ಸ್ವಲ್ಪ ಕಾಲು ಒತ್ತು ಮಾರಾಯ್ತಿ!" ಎಂದರು.

ಹೊಸ ಲೆಕ್ಕಕ್ಕೆ ಬದ್ಧಳಾದ,
ತಮ್ಮ ವಿಶ್ವಾಸಿ,
ರಾಜೀವಿ

ವಿ.ಸೂ.: ತಮ್ಮನ್ನು ಪೂರ್ತಿ ಸುಳ್ಳುಗಾರರೆಂದು ಕರೆದರೆ ಅನ್ಯಾಯವಾದೀತು. ಲಾರಿ ನಿಂತಿದ್ದಾಗಲೆಲ್ಲ ತಾವು ಸೊನ್ನೆಯನ್ನೇ ತೋರಿಸಿದ್ದೀರಿ. ಅಷ್ಟರ ಮಟ್ಟಿಗೆ ತಮ್ಮ ಸತ್ಯಸಂಧತೆಗೆ ನಾನೇ ಸಾಕ್ಷಿ.